ಹನ್ನೊಂದು ದಿನದ ಬೇಲಿ

ಕತ್ತಿ ಕೈಗೆ ಬಂದ ಕೂಡಲೇ ನನ್ನ ಬುದ್ಧಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರವಾರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ಒಂಬತ್ತನೆಯ ತರಗತಿಗೆ ಜೀವವೈವಿಧ್ಯದ ಪಾಠವನ್ನು ಪುಸ್ತಕ ತೆರೆಯದೆ ಮಾಡಬಲ್ಲೆ. ಆದರೆ ಹಾರವಾಡದ ನಮ್ಮ ಹಿತ್ತಲ ಬೇಲಿಯನ್ನು ನೆಚ್ಚಿಕೊಂಡು ಎಷ್ಟು ಜೀವಗಳಿವೆ ಎಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ.

ದಾಸವಾಳ, ಲಕ್ಕಿ, ಗೊಬ್ಬರದ ಗಿಡ ಎಲ್ಲ ಕಲೆತ ಆ ಬೇಲಿಯನ್ನು ವರ್ಷಕ್ಕೊಮ್ಮೆ ಕಟ್ಟಿಕೊಡುವವರು ಹಮ್ಮಣ್ಣ ಗೌಡರು. ಅವರು ಯಾವ ಕಾಂಡವನ್ನೂ ಪೂರ್ತಿ ಕಡಿಯುವುದಿಲ್ಲ. ಬುಡದಲ್ಲಿ ಅರ್ಧ ಕಚ್ಚು ಹಾಕಿ, ಮೆಲ್ಲಗೆ ಅಡ್ಡ ಬಾಗಿಸಿ, ಬಳ್ಳಿಯಿಂದ ಬಿಗಿಯುತ್ತಾರೆ. ಬಾಗಿದ ಕಾಂಡ ಸಾಯದೆ ಮೈತುಂಬ ಚಿಗುರುತ್ತದೆ. ಈ ಏಪ್ರಿಲ್ ರಜೆಯಲ್ಲಿ ಅವರು ಬರುವುದು ನಾಲ್ಕು ದಿನ ತಡವಾಯಿತು. ಇದೇನು ಮಹಾವಿದ್ಯೆ ಎಂದು ನಾನೇ ಇಳಿದೆ. ಮೊದಲ ಕಾಂಡ ತುಂಡಾಯಿತು. ಎರಡನೆಯದೂ ಅಷ್ಟೇ. ಕೈ ಹದಕ್ಕೆ ಬರುವಷ್ಟರಲ್ಲಿ ಎಂಟು ಅಡಿ ಬೇಲಿಯೇ ಇರಲಿಲ್ಲ. ಆ ಕಂಡಿಯಿಂದ ಪಕ್ಕದ ಮನೆಯ ಆಕಳು ನನ್ನ ಹೆಂಡತಿಯ ಹರಿವೆ ಸೊಪ್ಪಿನ ಮಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿತ್ತು.

ಸಂಜೆ ಬಂದ ಹಮ್ಮಣ್ಣ ಗೌಡರು ಕಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಮಾಸ್ತರ್ರೇ, ಬೇಲಿ ಕಟ್ಟೂಕೆ ಹೊರಟದ್ದೋ, ರಸ್ತೆ ಮಾಡೂಕೋ?"

"ಕೈ ಸ್ವಲ್ಪ ಜಾರಿತು," ಎಂದೆ.

"ಎಂಟು ಸಲವಾ?"

ಕಂಡಿಯ ಅಂಚಿನಲ್ಲಿ ಉಳಿದಿದ್ದ ಎತ್ತರದ ದಾಸವಾಳವನ್ನು ಬಾಗಿಸಿದರೆ ಜಾಗ ಮುಚ್ಚುತ್ತಿತ್ತು. ಗೌಡರು ಅದಕ್ಕೆ ಕೈಹಾಕಿದವರು ತಟ್ಟನೆ ನಿಂತು, ಎಲೆ ಸರಿಸಿ ತೋರಿಸಿದರು. ಬಟ್ಟಲಿನಷ್ಟು ಗೂಡು. ಒಳಗಿದ್ದ ಎರಡು ಪಿಕಳಾರದ ಮರಿಗಳು, ಮೈಮೇಲೆ ಒಂದೂ ಗರಿಯಿಲ್ಲದವು, ನನ್ನನ್ನೇ ತಾಯಿಯೆಂದು ತಿಳಿದು ಬಾಯಿ ಕಳೆದವು. ನಾನು ಕತ್ತಿಯನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದೆ.

"ಇವು ಹಾರೂವರೆಗೆ ಇದನ್ನ ಮುಟ್ಟೂಕಿಲ್ಲ," ಎಂದರು ಗೌಡರು. "ನಿಮ್ಮ ಸೊಪ್ಪಿನ ಹುಳ ತಿನ್ನೂದೇ ಇವುಗಳ ಅಪ್ಪ ಅವ್ವಿ."

"ಮುಳ್ಳು ತಂದು ಅಡ್ಡ ಹಾಕಿದರೆ?"

"ಗದ್ದಲ ಮಾಡಿದ್ರೆ ತಾಯಿ ಬಿಟ್ಟು ಹೋಗ್ತದೆ. ಸುಮ್ನೆ ಒಬ್ರು ಕೂತ್ರೆ ಸಾಕು."

ಹೆಂಡತಿ ಕುರ್ಚಿ ತಂದು ಕಂಡಿಯ ಆಚೆ ತುದಿಯಲ್ಲಿಟ್ಟಳು. "ನಿಮಗೆ ರಜೆ ಅಲ್ದಾ, ಕೂತ್ಕಳಿ."

ಹೀಗೆ ಹನ್ನೊಂದು ದಿನ ನಾನು ಬೇಲಿಯಾಗಿದ್ದೆ. ಆಕಳು ಆಗಾಗ ಬಂದು ನನ್ನ ಗಟ್ಟಿತನವನ್ನು ಪರೀಕ್ಷಿಸುತ್ತಿತ್ತು. ಒಮ್ಮೆ ತೂಕಡಿಸಿದಾಗ ಮಡಿಲಲ್ಲಿದ್ದ ಪತ್ರಿಕೆಯ ಸಂಪಾದಕೀಯವನ್ನು ಪೂರ್ತಿ ತಿಂದಿತು. ಮೀನು ಮಾರುವಾಕೆ ದಾರಿಯಿಂದಲೇ ಕೂಗಿ ಕೇಳಿದಳು: "ಮಾಸ್ತರ್ರೇ, ಮನೆಯಿಂದ ಹೊರಗೆ ಹಾಕಿದ್ರಾ?" ಆದರೆ ತಾಯಿ ಹಕ್ಕಿ ಹುಳ ಕಚ್ಚಿಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗತೊಡಗಿದಾಗ ಆದ ಹೆಮ್ಮೆ, ಆದರ್ಶ ಶಿಕ್ಷಕ ಪ್ರಶಸ್ತಿ ಬಂದಿದ್ದರೂ ಆಗುತ್ತಿರಲಿಲ್ಲ.

ಹನ್ನೆರಡನೆಯ ಬೆಳಿಗ್ಗೆ ಗೂಡು ಖಾಲಿ. ಮರಿಗಳೆರಡೂ ಬಾವಿಕಟ್ಟೆಯ ಮೇಲೆ ಕುಳಿತು ರೆಕ್ಕೆ ಸರಿಮಾಡಿಕೊಳ್ಳುತ್ತಿದ್ದವು. ಹಮ್ಮಣ್ಣ ಗೌಡರು ಕತ್ತಿಯನ್ನು ನನ್ನ ಕೈಗೇ ಕೊಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು, ಅರ್ಧ ಕಚ್ಚು ಹಾಕಿಸಿದರು. ಕಾಂಡ ಮುರಿಯದೆ ಕಂಡಿಗೆ ಅಡ್ಡ ಬಾಗಿತು; ಆಕಳ ಮೂತಿ ತೂರುವಷ್ಟು ಸಂದು ಮಾತ್ರ ಉಳಿಯಿತು. ನಾನು ಗೆದ್ದವನಂತೆ ಹೆಂಡತಿಯ ಕಡೆ ನೋಡಿದೆ.

ಅವಳು ಕುರ್ಚಿ ಒಳಗೊಯ್ಯಲು ಎತ್ತಿಕೊಂಡಿದ್ದಳು. "ಇದು ಚಿಗುರಿ ದಟ್ಟ ಆಗೂಕೆ ಎಷ್ಟು ದಿನ ಬೇಕು, ಗೌಡ್ರೇ?"

"ಮಳೆ ಬೀಳೂವರೆಗೆ ಕಾಯಬೇಕ್ರಾ."

ಅವಳು ಕುರ್ಚಿಯನ್ನು ಮತ್ತೆ ಅಲ್ಲೇ ಇಟ್ಟಳು.