ಹೆಂಡತಿಯ ಹೆಸರು ಹೇಳದ ಕಾಕಾ

ನಮ್ಮ ಕಾಕಾನಿಗೆ ತನ್ನ ಹೆಂಡತಿಯ ಹೆಸರು ಗೊತ್ತಿಲ್ಲ! ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು. ಒಬ್ಬ ಮಗ, ಒಂದು ಹಿಟ್ಟಿನ ಗಿರಣಿ, ಎರಡು ಎಮ್ಮೆ ಇವೆ. ಎಮ್ಮೆಗಳ ಹೆಸರು ಕೇಳಿದರೆ ಥಟ್ಟನೆ ಹೇಳುತ್ತಾನೆ. ಹೆಂಡತಿಯದು ಕೇಳಿದರೆ ಹೆಗಲ ಮೇಲಿನ ಟವೆಲ್ ಬಾಯಿಗೆ ಅಡ್ಡ ಹಿಡಿದು ನಾಚುತ್ತಾನೆ. ಹಳಿಯಾಳದ ಅರ್ಧ ಜನ ಅವನಿಗೆ ನಿಜಕ್ಕೂ ಗೊತ್ತಿಲ್ಲ ಅಂತಲೇ ನಂಬಿದ್ದಾರೆ. ಉಳಿದರ್ಧ ಜನ, ಗೊತ್ತಿದೆ, ಆದರೆ ತಲೆ ನೆಟ್ಟಗಿಲ್ಲ ಅನ್ನುತ್ತಾರೆ. ನಾನು ಬಹಳ ವರ್ಷ ಈ ಎರಡನೇ ಪಾರ್ಟಿಯಲ್ಲಿದ್ದೆ.

ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವನ ಹೆಸರು ಸುವರ್ಣಾ. ಊರಿಗೆಲ್ಲ ಗೊತ್ತು, ಗೋಡೆಗೂ ಗೊತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಚಿಗವ್ವನೂ ಹೇಳುವುದಿಲ್ಲ, ‘ರೀ’ ಅನ್ನುತ್ತಾಳೆ. ಅದರಲ್ಲೇನು ವಿಶೇಷ? ವಿಶೇಷ ಏನೆಂದರೆ ಕಾಕಾನೂ ಆಕೆಗೆ ‘ರೀ’ ಅನ್ನುತ್ತಾನೆ! ಇಬ್ಬರೂ ರೀ, ರೀ ಅಂತ ಕರೆದುಕೊಳ್ಳುವುದನ್ನು ಕೇಳಿದರೆ, ಮನೆಗೆ ಇಬ್ಬರು ಬೀಗರು ಬಂದು ಮರಳಿ ಹೋಗದೆ ಉಳಿದುಬಿಟ್ಟಿದ್ದಾರೇನೋ ಅನ್ನಿಸುತ್ತದೆ.

ಒಮ್ಮೆ ರೇಷನ್ ಕಾರ್ಡಿನ ಕೆಲಸಕ್ಕೆ ಅವನ ಜೊತೆ ನಾನೂ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತರು ಹೆಂಡತಿಯ ಹೆಸರು ಕೇಳಿದರು.

“ಹೇಳಬಾರದ್ರಿ,” ಅಂದ ಕಾಕಾ.

“ಯಾಕ್ರಿ?”

“ಆಯುಷ್ಯ ಕಡಿಮಿ ಆಗತೈತಿ.”

“ಯಾರದು?”

“ಆಕಿದ್ರಿ!”

ಗುಮಾಸ್ತರು ಕೀಬೋರ್ಡ್ ಬಿಟ್ಟು ಅವನತ್ತ ತಿರುಗಿದರು. “ಗಂಡನ ಹೆಸರ ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಅಂತಾರ, ಅದನ್ನ ಕೇಳೇನಿ. ಇದ್ಯಾವ ಶಾಸ್ತ್ರಾರೀ?”

“ನನ್ನ ಆಯುಷ್ಯ ಬಂಗಾರದ್ದು, ಆಕಿದು ಪುಕ್ಕಟ ಬಂದದ್ದೇನ್ರಿ?”

ಹಿಂದೆ ಸಾಲಿನಲ್ಲಿದ್ದ ಹೆಂಗಸರು ಹೋ ಅಂತ ನಕ್ಕರು. ಗಂಡಸರು ನಗಲಿಲ್ಲ. ಕೊನೆಗೆ ಹೆಸರು ಹೇಳಿದವಳು ನಾನು. ಅವಮಾನದಿಂದ ನನ್ನ ಮುಖ ಮೆಣಸಿನಕಾಯಿಯಾಗಿತ್ತು.

ದಾಂಡೇಲಿ ಬಸ್‌ಸ್ಟ್ಯಾಂಡಿನ ಕಥೆ ಇದಕ್ಕಿಂತ ಘನವಾದದ್ದು. ಹೆಂಡತಿ ಗಂಡನ ಹಿಂದೆ ನಡೆಯಬೇಕು ಅನ್ನುವುದು ನಮ್ಮಲ್ಲಿ ಬರೆಯದ ಕಾನೂನು. ಹಾಗಾದರೆ ಗಂಡನೂ ಹೆಂಡತಿಯ ಹಿಂದೆ ನಡೆಯಬೇಕಲ್ಲ ಅನ್ನುವುದು ಕಾಕಾನ ಕಾನೂನು. ಇಬ್ಬರೂ ಹಿಂದೆ ನಡೆದರೆ ಮುಂದೆ ಹೋಗುವವರು ಯಾರು, ನೀವೇ ಹೇಳಿ! ಹಳಿಯಾಳದ ಬಸ್ ಬಂದು ನಿಂತಿತು. “ಹತ್ರೀ,” ಅಂದಳು ಚಿಗವ್ವ. “ನೀವ ಹತ್ರೀ,” ಅಂದ ಕಾಕಾ. “ಅಯ್ಯ, ಮಂದಿ ನೋಡತಾರು, ಹತ್ರೀ!” “ನೋಡಲಿ ಬಿಡ್ರಿ, ನೀವು ಹತ್ರೀ.” ಕಂಡಕ್ಟರ್ ಇಬ್ಬರ ಮುಖವನ್ನೂ ಒಮ್ಮೆ ನೋಡಿ ಸೀಟಿ ಊದಿಬಿಟ್ಟ. ಎದುರಿನ ಗ್ಯಾರೇಜಿನಲ್ಲಿ ಜೀಪಿನ ಕೆಳಗೆ ಮಲಗಿದ್ದ ಕಾಕಾನ ಗೆಳೆಯ ಮೇಸ್ತ್ರಿ ತಲೆ ಹೊರಗೆ ಹಾಕಿ ಕೂಗಿದ: “ಅರೇ ಚಾಚಾ, ಬಸ್ ಗಯಾ! ಅಬ್ ತೋ ಕೋಯೀ ಆಗೇ ಚಲೋ!” ಬಸ್ಸಂತೂ ಹೋಯಿತು, ಇನ್ನಾದರೂ ಯಾರಾದರೊಬ್ಬರು ಮುಂದೆ ನಡೆಯಿರಿ ಅಂತ. ಮುಂದಿನ ಬಸ್ಸಿಗೆ ಆ ಮೇಸ್ತ್ರಿಯೇ ಬಂದು, ಇಬ್ಬರನ್ನೂ ಎರಡು ಬಾಗಿಲಿನಿಂದ ಒಟ್ಟಿಗೇ ಹತ್ತಿಸಿ ಕಳಿಸಿದನಂತೆ.

ಸಾಂಬ್ರಾಣಿ ಅನ್ನುವ ಹಳ್ಳಿಯಲ್ಲಿ ನಮ್ಮವರೊಬ್ಬರ ಹೊಸ ಮನೆಯ ಪ್ರವೇಶದ ದಿನ ನಡೆದದ್ದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಗಂಡನ ಹೆಸರು ಸೇರಿಸಿ ಎರಡು ಸಾಲು ಹಾಡಿದಂತೆ ಹೇಳುವುದಕ್ಕೆ ನಾವು ಒಡಪು ಅನ್ನುತ್ತೇವೆ. ಅದನ್ನು ಹೇಳಿಸದೆ ಹೊಸ್ತಿಲು ದಾಟಲು ಬಿಡುವುದಿಲ್ಲ. ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದರು. ಕಾಕಾ ಅವರ ಮುಂದೆ ಹೋಗಿ ನಿಂತ. “ನನಗ್ಯಾಕ ಯಾರೂ ಕೇಳವಲ್ರಿ? ನನಗ ಹೆಂಡ್ತಿ ಇಲ್ಲೇನು?” ಕೈಕಟ್ಟಿ ಶುರು ಮಾಡಿಯೇಬಿಟ್ಟ:

“ಸಾಂಬ್ರಾಣಿ ಗದ್ದ್ಯಾಗ ತೆನಿ ತೂಗತೈತಿ ಭತ್ತ,
ನಮ್ಮ ಮನಿಯವರು ಹೂಂ ಅಂದ್ರಷ್ಟ ನಾ ಹೊಂಟೇನಿ ಅತ್ತ!”

“ಹೆಸರ ಎಲ್ಲೈತೋ ಇದರಾಗ?” ಅಂತ ಗದರಿದಳು ದೊಡ್ಡತ್ತೆ. ಆಕೆ ಕಾಕಾನ ಅಕ್ಕ, ನಮ್ಮ ಮನೆತನದ ಶಾಸ್ತ್ರ ಸಂಪ್ರದಾಯಗಳ ಸೇನಾಪತಿ.

“ಹೆಸರ ಹೇಳಿದ್ರ ಗರತಿ ಗಂಡಸು ಅಂತ ಯಾರ ಅಂತಾರ್ಬೇ ಅಕ್ಕಾ?”

ದೊಡ್ಡತ್ತೆ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ನೀರು ಕೇಳಿದಳು. ಗರತಿ ಗಂಡಸು! ಈ ಮಾತನ್ನು ನಮ್ಮ ವಂಶದಲ್ಲಿ ಯಾರಾದರೂ ಕೇಳಿದ್ದುಂಟೇ?

ಹಾಗಂತ ಕಾಕಾನಿಗೆ ಮರೆವು ಇಲ್ಲವೆಂದಲ್ಲ. ಮನೆಗೆ ಬಂದ ಸೊಸೆಯರಿಗೆ ಮದುವೆಯಲ್ಲಿ ಇಟ್ಟ ಹೊಸ ಹೆಸರು ಅವನ ತಲೆಯಲ್ಲಿ ನಿಲ್ಲುವುದೇ ಇಲ್ಲ. ನನ್ನ ಅಣ್ಣನ ಹೆಂಡತಿಯನ್ನು ಈಗಲೂ ಆಕೆಯ ತವರಿನ ಹೆಸರಿನಿಂದಲೇ ಕರೆಯುತ್ತಾನೆ. ನನ್ನದೂ ಅದೇ ಪಾಡು. ನನಗೆ ಅಜ್ಜಿಯ ಹೆಸರು ಇಟ್ಟಿದ್ದರು, ಬಸವ್ವ. ಮುಂಡಗೋಡಕ್ಕೆ ಸೊಸೆಯಾಗಿ ಹೋದಾಗ ವೀಣಾ ಆದೆ. ಸುಳ್ಳೇಕೆ ಹೇಳಲಿ, ನನಗೆ ಬೇಸರವೇನೂ ಆಗಲಿಲ್ಲ. ಬಸವ್ವ ಹೋಗಿ ವೀಣಾ ಬಂದರೆ ಯಾರಿಗೆ ಬೇಡ? ಆದರೆ ತವರಿಗೆ ಬಂದಾಗೆಲ್ಲ ಕಾಕಾ ಗಿರಣಿಯಲ್ಲಿ ಜೋಳ ಬೀಸಿ, ಡಬ್ಬಿ ತುಂಬಿ, ಅದರ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ‘ಬಸವ್ವ’ ಅಂತ ಬರೆದು ಕೊಡುತ್ತಾನೆ. “ಕಾಕಾ, ನಾ ಈಗ ವೀಣಾ,” ಅಂತ ಇಪ್ಪತ್ತೆರಡು ವರ್ಷದಿಂದ ತಿದ್ದುತ್ತಿದ್ದೇನೆ. “ಹೌದಲಾ, ಮರತ ಬಿಟ್ಟೆ,” ಅನ್ನುತ್ತಾನೆ. ಬಸ್ ಮುಂಡಗೋಡ ಮುಟ್ಟುವುದರೊಳಗೆ ನಾನು ಸೆರಗಿನಿಂದ ಅದನ್ನು ಒರೆಸಿಬಿಡುತ್ತಿದ್ದೆ.

ಮೊನ್ನೆ ಮಳಗಿ ಊರಿನಲ್ಲಿ ಕಾಕಾನ ಮಗನ ಮದುವೆಯಾಯಿತು. ಹುಡುಗಿಯ ಹೆಸರು ರೇಣುಕಾ, ಆಸ್ಪತ್ರೆಯಲ್ಲಿ ನರ್ಸ್. ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ಹೆಸರಿಡುವ ಶಾಸ್ತ್ರ. ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯಬೇಕು. ದೊಡ್ಡತ್ತೆ ಮೊದಲೇ ‘ಐಶ್ವರ್ಯಾ’ ಅಂತ ಗೊತ್ತು ಮಾಡಿದ್ದಳು. ಕಾರಣ ಬಹಳ ಗಟ್ಟಿಯಾದದ್ದು: ಆಕೆಯ ಸತ್ತುಹೋದ ಅತ್ತೆಯ ಹೆಸರೂ ರೇಣುಕಾ. “ನಾಳೆ ಈಕಿಗೆ ಬೈಯಾಕ ಬಾಯಿ ತೆಗದ್ರ ನಮ್ಮತ್ತಿಗೆ ಬೈದಂಗ ಆಗೂದಿಲ್ಲೇನು?”

“ನನ್ನ ಸರ್ಟಿಫಿಕೇಟ್ ಎಲ್ಲಾ ಈ ಹೆಸರಿನ್ಯಾಗ ಅದಾವ್ರಿ. ನನಗ ಇದ ಹೆಸರ ಇರಲ್ರಿ,” ಅಂದಳು ಹುಡುಗಿ, ತಗ್ಗಿದ ದನಿಯಲ್ಲಿ.

“ಅವು ಪೆಟ್ಟಿಗ್ಯಾಗ ಇರತಾವ. ನೀ ಮನ್ಯಾಗ ಇರತಿ,” ಅಂದಳು ದೊಡ್ಡತ್ತೆ. ಹುಡುಗಿಯ ಕಣ್ಣು ತುಂಬಿತು. ಮದುಮಗ ತಲೆ ತಗ್ಗಿಸಿ ಉಂಗುರ ತಿರುವುತ್ತ ಕೂತ. ಚಿಗವ್ವ ಅಕ್ಕಿಯ ತಾಟು ಹಿಡಿದು ಬಂದಳು. ನಾವೆಲ್ಲ ಫೋಟೋಕ್ಕೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆವು.

“ನೀಲವ್ವಾ!”

ಕೂಗಿದವನು ಕಾಕಾ! ಹಂದರಕ್ಕೆ ಹಂದರವೇ ತಿರುಗಿ ನೋಡಿತು. ಯಾರು ಈ ನೀಲವ್ವ? ಅಡಿಗೆಯವಳೇ? ಬೀಗರ ಕಡೆಯವಳೇ? ಗಿರಣಿಯಲ್ಲಿ ಹೆಂಗಸರ ನಡುವೆ ಕೂತು ಕೂತು ಈ ವಯಸ್ಸಿನಲ್ಲಿ... ನನ್ನ ತಲೆ ಎಲ್ಲೆಲ್ಲಿಗೋ ಓಡಿತು, ದೇವರು ಕ್ಷಮಿಸಲಿ.

“ಆಂ?” ಅಂದಳು ಚಿಗವ್ವ.

ಹಿತ್ತಲಲ್ಲಿ ಆಡುವ ಹುಡುಗಿ ಅಪ್ಪ ಕರೆದಾಗ ತಿರುಗುತ್ತಾಳಲ್ಲ, ಹಾಗೆ ತಿರುಗಿದ್ದಳು.

“ಆ ತಾಟ ಬರಿಯಾಕ ಕೊಡಬ್ಯಾಡ,” ಅಂದ ಕಾಕಾ. ದನಿಯಲ್ಲಿ ತಮಾಷೆಯೇ ಇರಲಿಲ್ಲ. “ಮೂವತ್ತೆಂಟ ವರ್ಷದ ಹಿಂದ ಇಂಥಾದ ತಾಟಿನ್ಯಾಗ ನಾನ ಬರದೆ. ಅವ್ವ ‘ಸುವರ್ಣಾ’ ಅಂತ ಬರಿ ಅಂದ್ಲು, ಬರದೆ. ಮರುದಿನ ಈಕಿ ನನಗೊಂದ ಮಾತ ಕೇಳಿದ್ಲು. ‘ನಮ್ಮಪ್ಪ ಬಂದು ನೀಲವ್ವ ಅಂತ ಕರದ್ರ ನಾ ಓ ಅನ್ನಲೋ ಬ್ಯಾಡೋ?’ ನನಗ ಉತ್ತರ ಹೊಳೀಲಿಲ್ಲ. ನಾ ಬರದ ಹೆಸರ ನನ್ನ ಬಾಯಾಗ ಬರಲಿಲ್ಲ. ಹಳೇ ಹೆಸರ ಕರಿಯಾಕ ಅವ್ವನ ಹೆದರಿಕಿ. ಅದಕ್ಕ ಯಾವ ಹೆಸರೂ ಕರೀಲಿಲ್ಲ. ನೀವು ನಕ್ರಿ, ನಾನೂ ನಕ್ಕೋತ ಬಂದೆ. ಹೆದರಪುಕ್ಕ ನಾನು.”

ಇಷ್ಟು ವರ್ಷ ನಾವು ಹೊಟ್ಟೆ ಹಿಡಿದು ನಕ್ಕಿದ್ದು ಇದಕ್ಕೇ?

ಚಿಗವ್ವ ತಾಟನ್ನು ರೇಣುಕಾಳ ಮುಂದಿಟ್ಟು, ಅಂಗೈಯಿಂದ ಅಕ್ಕಿ ಸಮ ಮಾಡಿದಳು. “ನಿನ್ನ ಹೆಸರ ನೀನ ಬರಿಯವಾ,” ಅಂದಳು. ಮದುಮಗ ತಲೆಯೆತ್ತಿ ಉಂಗುರ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಆಕೆ ಅಳುತ್ತಲೇ ಬರೆದಳು.

“ಅಲ್ಲೋ, ನಾಳೆ ಬೈಯೂದು ಹೆಂಗೋ?” ಅಂತ ದೊಡ್ಡತ್ತೆ ಕೊನೆಯ ಬಾಣ ಬಿಟ್ಟಳು.

“ಬೈಯೂದ ಬ್ಯಾಡ್ಬೇ ಅಕ್ಕಾ,” ಅಂದ ಕಾಕಾ.

ಮರುದಿನ ಹಳಿಯಾಳದಿಂದ ನಾನು ಹೊರಟಾಗ ಎಂದಿನಂತೆ ಹಿಟ್ಟಿನ ಡಬ್ಬಿ ಬಂತು, ಮೇಲೆ ಎಂದಿನದೇ ಅಕ್ಷರ. ನಾನು ತಿದ್ದಲಿಲ್ಲ. “ಹುಷಾರ ಹೋಗ ಬಸವ್ವಾ,” ಅಂದ. “ಹೂಂ ಕಾಕಾ,” ಅಂದೆ. ಮುಂಡಗೋಡದವರೆಗೂ ಸೆರಗು ತಾಗಿ ಅಳಿಸೀತು ಅಂತ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅಕ್ಷರ ಹೊರಗೆ ಮಾಡಿ ಹಿಡಿದುಕೊಂಡಿದ್ದೆ.

ಮನೆಗೆ ಬಂದ ಕೂಡಲೇ ನನ್ನ ಅತ್ತೆ ಅದನ್ನು ಓದಿ ಕೇಳಿದರು, “ಬಸವ್ವ ಅಂತ ಐತಲಾ, ಯಾರ ಡಬ್ಬಿ ತಂದಿ?”

“ನಂದ್ರೀ,” ಅಂದೆ.