ಭಾವಮೈದನ ಎಡತಲೆ, ಬಲತಲೆ ಮತ್ತು ಮಗಳ ಎರಡು ಐಚ್ಛಿಕ ವಿಷಯಗಳು

ಇಂದ:
ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ,
ಕಟಿಂಗ್ ಅಂಗಡಿ, ಅಂಚೆ ಕಚೇರಿಯ ಹಿಂದೆ.

ಗೆ:
ಮುಖ್ಯೋಪಾಧ್ಯಾಯಿನಿಯವರು, ಪ್ರೌಢಶಾಲೆ.

ವಿಷಯ: ತಮ್ಮ ಶಾಲೆಯ ‘ಮನೆ ಹಣಕಾಸು’ ಮತ್ತು ‘ಪ್ರಯೋಗ ವಿಜ್ಞಾನ’ ಎಂಬ ಐಚ್ಛಿಕ ವಿಷಯಗಳಿಂದ ಅರ್ಜಿದಾರನ ಮನೆಯಲ್ಲಿ ಉಂಟಾಗಿರುವ ಪರಿಸ್ಥಿತಿಯ ಕುರಿತು.

ಉಲ್ಲೇಖ: ಮಗಳನ್ನು ಸದರಿ ವಿಷಯಗಳಿಂದ ಬಿಡಿಸಬೇಕೆಂದು ಅರ್ಜಿದಾರನು ಸಿಟ್ಟಿನಲ್ಲಿ ಕೊಟ್ಟ ಹಿಂದಿನ ಅರ್ಜಿ. (ತಾವಿನ್ನೂ ಓದಿರದಿದ್ದರೆ ದಯವಿಟ್ಟು ಓದಬಾರದು.)

ಮಾನ್ಯರೇ,

೧. ಅರ್ಜಿದಾರನು ಊರಿನ ತಲೆಗಳನ್ನು ನಂಬಿ ಬದುಕುವವನು. ಆತನ ತಾಯಿ ಅಡುಗೆಮನೆಯಲ್ಲಿ ಕಾಸುವ ಕೇಶತೈಲವನ್ನು ‘ಬೋಳುತಲೆಯಲ್ಲೂ ಬೆಳೆ’ ಎಂಬ ಚೀಟಿ ಅಂಟಿಸಿ ಅಂಗಡಿಯಲ್ಲಿ ಮಾರಲಾಗುತ್ತಿತ್ತು. ಶಾಲೆ ಶುರುವಾದಾಗ ಮಗಳು ಬಂದು, “ಅಪ್ಪಾ, ಎರಡರಲ್ಲಿ ಒಂದು ತಗೋಬೇಕಂತೆ. ಬೇಕಿದ್ರೆ ಎರಡೂ ತಗೋಬಹುದಂತೆ” ಎಂದಳು. ಆಗ ಗಿರಾಕಿಯೊಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಕಾರಣ ಅರ್ಜಿದಾರನು, “ಪುಕ್ಕಟೆ ಸಿಗೋದನ್ನ ಯಾಕೆ ಬಿಡ್ತೀಯ, ಎರಡೂ ತಗೋ” ಎಂದುಬಿಟ್ಟನು.

೨. ಹಣಕಾಸಿನ ಮೊದಲ ಪಾಠ: ಜಾಹೀರಾತಿನ ಮಾತನ್ನು ಪರೀಕ್ಷಿಸದೆ ಏನನ್ನೂ ಕೊಳ್ಳಬಾರದು. ವಿಜ್ಞಾನದ ಮೊದಲ ಪಾಠ: ಪರೀಕ್ಷಿಸುವುದು ಹೇಗೆ. ಒಂದೊಂದೇ ಬಂದಿದ್ದರೆ ಮನೆ ತಡೆದುಕೊಳ್ಳುತ್ತಿತ್ತು.

೩. ಮನೆಯಲ್ಲಿ ಬಿಡುವಾಗಿದ್ದ ಏಕೈಕ ಬೋಳುತಲೆ ಅರ್ಜಿದಾರನ ಭಾವಮೈದನದು. ಮಗಳು ಆ ಸೋದರಮಾವನ ನೆತ್ತಿಯ ನಡುವೆ ಪೆನ್ನಿನಿಂದ ಗೆರೆ ಎಳೆದು, ಒಂದು ಕಡೆಗೆ ಅಜ್ಜಿಯ ತೈಲ, ಇನ್ನೊಂದು ಕಡೆಗೆ ಬರೀ ಅಡುಗೆ ಎಣ್ಣೆ ದಿನವೂ ಹಚ್ಚಿದಳು.

“ಮಾವ, ಯಾವ ಕಡೆಗೆ ಯಾವುದು ಅಂತ ನಿಂಗೆ ಗೊತ್ತಾಗಬಾರದು.”

“ನಂಗೆ ಏನೂ ಗೊತ್ತಾಗಲ್ಲ ಕಣೇ. ಅದಕ್ಕೇ ಇನ್ನೂ ನಿಮ್ಮನೇಲೇ ಇದ್ದೀನಿ.”

ಎರಡು ತಿಂಗಳಾದ ಮೇಲೆ ಎರಡೂ ಕಡೆ ಸರಿಸಮನಾಗಿ ಮಿಂಚಿದವು. ಫಲಿತಾಂಶವನ್ನು ಮಗಳು ಅಂಗಡಿಯ ಕನ್ನಡಿಯ ಮೇಲೆ, ಕುರ್ಚಿಯಲ್ಲಿ ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಅಂಟಿಸಿದಳು.

೪. ಅರ್ಜಿದಾರನು ಅದನ್ನು ಹರಿದುಹಾಕಿ, “ಅನ್ನ ಕೊಡೋ ಅಂಗಡಿಗೇ ಕಲ್ಲು ಹಾಕ್ತೀಯಾ?” ಎಂದು ಕೂಗಾಡಿದನು. ಮಗಳು ಅಳಲಿಲ್ಲ. “ಸುಳ್ಳು ಅಂತ ಗೊತ್ತಿದ್ದೂ ಮಾರ್ತಿದ್ಯಾ ಅಪ್ಪಾ?” ಎಂದಷ್ಟೇ ಕೇಳಿದಳು. ಕತ್ತರಿಯಲ್ಲಿ ಕೂದಲೇನಾದರೂ ಸಿಕ್ಕಿಕೊಂಡಿದೆಯೇ ಎಂದು ಅರ್ಜಿದಾರನು ಬಹಳ ಹೊತ್ತು ನೋಡಿದನು. ಸಿಕ್ಕಿಕೊಂಡಿರಲಿಲ್ಲ. ಉಲ್ಲೇಖಿತ ಅರ್ಜಿಯನ್ನು ಬರೆದದ್ದು ಅಂದೇ. ಆಮೇಲೆ ಅಪ್ಪ, ಮಗಳು ಏನಿದ್ದರೂ ಅಜ್ಜಿಯ ಮೂಲಕವೇ ಮಾತಾಡಿದರು.

೫. ಆಚೆ ಮಾತು ಈಚೆ ಸಾಗಿಸಿ ಸಾಕಾಗಿ, ಒಂದು ದಿನ ಊಟದ ನಡುವೆ ತಾಯಿಯವರು ಸೌಟು ಕೆಳಗಿಟ್ಟು ಹೇಳಿಕೆ ನೀಡಿದರು: “ಅವನನ್ನೇನು ಕೇಳ್ತೀಯೇ, ನನ್ನ ಕೇಳು. ನಿಮ್ಮ ತಾತಂಗೆ ಮದುವೆ ಆದಾಗಿಂದ ಹಚ್ಚಿದೆ. ಹೋಗೋವಾಗ ತಲೆ ಮೊಟ್ಟೆ ಥರ ಇತ್ತು. ಆದ್ರೆ ಹಚ್ಚಿದ ಕೂಡ್ಲೇ ಎಂಥಾ ನಿದ್ದೆ ಅಂತೀಯ! ಆ ಮನುಷ್ಯ ಬಾಯಿ ಮುಚ್ತಿದ್ದದ್ದೇ ಆಗ.”

ಮೊದಲು ನಕ್ಕವಳು ಮಗಳು. ಅರ್ಜಿದಾರನು ತಡೆದುಕೊಳ್ಳಲು ಹೋಗಿ ನೆತ್ತಿಗೆ ಹತ್ತಿಸಿಕೊಂಡನು. ನೀರು ಕೊಟ್ಟವಳೂ ಮಗಳೇ.

೬. ಈಗ ಸೀಸೆಯ ಮೇಲೆ ಮಗಳ ಕೈಬರಹದಲ್ಲಿ, ‘ಕೂದಲು ಬರುವುದಿಲ್ಲ. ನಿದ್ದೆ ಬರಬಹುದು. ಪರೀಕ್ಷೆ ನಡೆಯುತ್ತಿದೆ’ ಎಂದಿರುತ್ತದೆ. ಮೊದಮೊದಲು ಯಾರೂ ಮೂಸಿ ನೋಡಲಿಲ್ಲ. ಆಮೇಲೆ ನಿದ್ದೆಗೆಟ್ಟ ದಾದಿಯೊಬ್ಬರು ಒಯ್ದರು. ಅವರ ಹಿಂದೆಯೇ ಅರ್ಧ ಆಸ್ಪತ್ರೆ ಬಂದಿತು.

ಆದ್ದರಿಂದ ಹಿಂದಿನ ಅರ್ಜಿಯನ್ನು ರದ್ದುಪಡಿಸಬೇಕು. ಆದರೆ ಹಣಕಾಸಿನ ಮುಂದಿನ ಪಾಠ ‘ಪಾಲುದಾರಿಕೆ’ ಎಂದು ತಿಳಿದುಬಂದಿರುತ್ತದೆ. ಅಜ್ಜಿ, ಮೊಮ್ಮಗಳು ಈಗಾಗಲೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಗುಸುಗುಸು ನಡೆಸಿದ್ದಾರೆ. ನಿನ್ನೆ ಕಿವಿಗೊಟ್ಟಾಗ, “ಅಪ್ಪಂಗೂ ಏನಾದ್ರೂ ಇಡೋಣ ಅಜ್ಜಿ, ಪಾಪ” ಎಂಬ ಮಾತು ಕೇಳಿಸಿತು. ಸದರಿ ಕಾರಣ ಆ ಪಾಠದ ದಿನ ಅರ್ಜಿದಾರನಿಗೂ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಡಬೇಕಾಗಿ ಕೋರಿಕೆ.

ಕತ್ತರಿ ಕೆಳಗಿಟ್ಟು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
ಅ) ತೈಲ, ಒಂದು ಸೀಸೆ (ಶಿಕ್ಷಕರ ಕೊಠಡಿಗೆ; ತರಗತಿಯ ಹೊತ್ತಿನಲ್ಲಿ ಬಳಸಬಾರದು).
ಆ) ಬೆಂಚು ಸಾಲದಿದ್ದರೆ, ಅಂಗಡಿಯ ಸ್ಟೂಲು.

ವಿ.ಸೂ.: ಪಾಠದ ನಡುವೆ ಅರ್ಜಿದಾರನು ಕೈ ಎತ್ತಿದರೆ, ಮಗಳ ಎದುರಿಗೆ ಆತನಿಗೆ “ಏಯ್, ಕೂತ್ಕೋ” ಎನ್ನಬಾರದೆಂದು ಪ್ರತ್ಯೇಕ ಪ್ರಾರ್ಥನೆ.