ಅಪ್ಡೇಟ್ ಬಂದ್ರ ಒತ್ತಬ್ಯಾಡ್ರಿ

ಮೊಬೈಲ್ ರಿಪೇರಿ ಅಂಗಡಿ ಇಟ್ಟವನ ಬಾಳಿನಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಕೌಂಟರಿನ ಆ ಕಡೆ ಇರುತ್ತಾರೆ, ಅಷ್ಟೇ.

ನನ್ನ ಅಂಗಡಿ ಗಡಿಯೂರು ಜತ್ತದ ಎಸ್ಟಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದೆ. ಒಡೆದ ಗ್ಲಾಸು, ಉಬ್ಬಿದ ಬ್ಯಾಟರಿ, ಸಡಿಲಾದ ಚಾರ್ಜಿಂಗ್ ಪಿನ್ನು ಇವನ್ನೆಲ್ಲ ಯಾರಾದರೂ ಮಾಡುತ್ತಾರೆ. ನನ್ನ ಹೆಸರು ಓಡುವುದು ರೂಟ್ ಮಾಡುವುದಕ್ಕೆ. ರೂಟ್ ಅಂದರೆ ಕಂಪನಿಯವರು ಫೋನಿನೊಳಗೆ ಹಾಕಿದ ಬೀಗ ತೆಗೆದು, ಅವರು ಬೇಡವೆಂದ ಕೆಲಸಗಳನ್ನೂ ಅದರಿಂದ ಮಾಡಿಸುವುದು. ಇದಕ್ಕೆ ಒಂದೇ ಪಥ್ಯ. ಕಂಪನಿಯಿಂದ ನೆಟ್ಟಿನ ಮೇಲೆ ಅಪ್ಡೇಟ್ ಬರುತ್ತದೆ, ಆ ಬಟನ್ ಒತ್ತಬಾರದು. ಫೋನ್ ನನ್ನ ಹತ್ತಿರ ತರಬೇಕು. ನಾನು ಮೊದಲು ರೂಟ್ ತೆಗೆದು, ಫೋನನ್ನು ಕಂಪನಿ ಕೊಟ್ಟ ಹಾಗೆ ಮಾಡಿ, ಅಪ್ಡೇಟ್ ಹಾಕಿ, ಮತ್ತೆ ರೂಟ್ ಮಾಡಿಕೊಡುತ್ತೇನೆ. ತಾವೇ ಒತ್ತಿದರೆ ಪುಣ್ಯವಂತರಿಗೆ ಬರೀ ರೂಟ್ ಹೋಗುತ್ತದೆ, ಉಳಿದವರಿಗೆ ಫೋನೇ ಹೋಗುತ್ತದೆ. ಹೇಳಿ ಹೇಳಿ ಗಂಟಲು ಒಣಗಿ, ಕೊನೆಗೆ ಬೋರ್ಡು ಬರೆಸಿ ತೂಗುಹಾಕಿದೆ: "ಅಪ್ಡೇಟ್ ಬಂದ್ರ ಒತ್ತಬ್ಯಾಡ್ರಿ." ಕೆಳಗೆ ಅದೇ ಮಾತು ಮರಾಠಿಯಲ್ಲಿ. ಎರಡೂ ಭಾಷೆ ಬಲ್ಲ ಗಿರಾಕಿಗಳು ಎರಡೂ ಭಾಷೆಯಲ್ಲಿ ಓದಿ, ಮನೆಗೆ ಹೋಗಿ ಒತ್ತುತ್ತಾರೆ.

ನಾನು ಇದನ್ನು ಇಷ್ಟು ಸಿಟ್ಟಿನಿಂದ ಹೇಳುವುದಕ್ಕೆ ಕಾರಣವಿದೆ. ನನಗಿನ್ನೂ ಲಗ್ನವಾಗಿಲ್ಲ. ವಯಸ್ಸು ಮೂವತ್ತೈದು ದಾಟಿತು. ಹೆಣ್ಣಿನ ಕಡೆಯವರು ನೋಕರಿ ಕೇಳುತ್ತಾರೆ, ಇಲ್ಲವೇ ನೀರಿರುವ ಹೊಲ ಕೇಳುತ್ತಾರೆ. ನನ್ನ ಹತ್ತಿರ ಇರುವುದು ಬಿಸಿಗಾಳಿ ಊದುವ ಒಂದು ಮಷೀನು ಮತ್ತು ಎರಡು ಸ್ಟೂಲು. ಆದರೂ ಸಂಬಂಧಗಳು ಹೊಸ್ತಿಲವರೆಗೆ ಬಂದಿದ್ದವು. ಪ್ರತಿ ಸಲವೂ ಯಾರೋ ಒಬ್ಬರು ಆ ಬಟನ್ ಒತ್ತಿದರು.

ಗುರುಜಿಯ ಹಾಜರಿ

ಸಾಲಿ ಕಲಿಸುವ ಗುರುಜಿ ಒಬ್ಬರು ನನ್ನ ಹಳೆಯ ಗಿರಾಕಿ. ಅವರ ಸಾಲಿಯಲ್ಲಿ ಹಾಜರಿಯನ್ನು ಮೊಬೈಲಿನಲ್ಲೇ ಹಾಕಬೇಕು, ಅದೂ ಸಾಲಿಯ ಅಂಗಳದಲ್ಲಿ ನಿಂತು. ಗುರುಜಿಗೆ ದಾಳಿಂಬೆ ತೋಟವಿದೆ. ದಾಳಿಂಬೆಗೆ ರೋಗ ಬೀಳುವುದು ಸರಿಯಾಗಿ ಸಾಲಿಯ ವೇಳೆಯಲ್ಲೇ ಎಂಬುದು ಅವರ ಅನುಭವ. ಹಾಗಾಗಿ ಅವರ ಫೋನ್ ರೂಟ್ ಮಾಡಿ, ಅದು ಎಲ್ಲಿದ್ದರೂ "ಸಾಲಿಯಲ್ಲೇ ಇದ್ದೇನೆ" ಎಂದು ಹೇಳುವಂತೆ ಮಾಡಿಕೊಟ್ಟಿದ್ದೆ. ಉಪಕಾರ ಮರೆಯುವ ಮನುಷ್ಯರಲ್ಲ ಅವರು. ಬಿಳೂರಿನಲ್ಲಿ ನನಗೊಂದು ಸಂಬಂಧ ನೋಡಿ, ಹಿರಿಯರಾಗಿ ತಾವೇ ಗಾಡಿಯ ಮೇಲೆ ಕೂಡಿಸಿಕೊಂಡು ಹೋದರು. ಅಂದು ಸಾಲಿ ಇತ್ತು.

ಹುಡುಗಿಯ ಮನೆಯಲ್ಲಿ ಜಮಖಾನೆ ಹಾಸಿದ್ದರು. ಅವಲಕ್ಕಿಯ ಪ್ಲೇಟು ಕೈಗೆ ಬಂತು. ಗುರುಜಿ ಒಂದು ಕೈಯಲ್ಲಿ ಚಮಚ ಹಿಡಿದು, ಇನ್ನೊಂದು ಕೈಯಿಂದ ಹಾಜರಿ ಒತ್ತಿದರು. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಹೆಡ್ ಮಾಸ್ತರರ ಫೋನು ಬಂತು.

"ಗುರುಜಿ, ನಿಮ್ಮ ಹಾಜರಿ ಬಿಳೂರಾಗ ಬಿದ್ದದಲ್ರಿ! ಸಾಹೇಬ್ರು ಬಂದಾರ, ನನ್ನ ಎದರಿಗೇ ಕುಂತು ನೋಡಾಕತ್ತಾರ."

ಗುರುಜಿ ಪ್ಲೇಟನ್ನು ಅಲ್ಲೇ ಇಟ್ಟು ಎದ್ದರು. "ಲಗೂನ ಏಳು" ಎಂದರು. ಗಾಡಿ ಅವರದು, ನಾನು ಏಳದೆ ಏನು ಮಾಡಲಿ? ಹುಡುಗಿ ಚಹಾದ ತಾಟು ಹಿಡಿದು ಹೊರಗೆ ಬಂದಾಗ ನಾನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಆಕೆಯ ಮುಖ ನೋಡಿದ ಕೂಡಲೇ ಗಂಡು ಓಡಿಹೋದ ಎಂದು ಬಿಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ಆ ಹುಡುಗಿಗೆ ಅದೆಷ್ಟು ನೋವಾಗಿರಬೇಕು ಎಂದು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ದಾರಿಯಲ್ಲಿ ಹಿಂದಿನಿಂದ ಕೂಗಿ ಕೇಳಿದೆ: "ಅಪ್ಡೇಟ್ ಒತ್ತಿದ್ರೇನ್ರಿ ಗುರುಜಿ?"

"ಇವತ್ತ ಮುಂಜಾನಿ ಒತ್ತಿದ್ನಿ. ನಿನ್ನ ಚಲೋ ಕೆಲಸಕ್ಕ ಹೊಂಟೀವಿ, ಎಲ್ಲಾ ಹೊಸಾದ ಇರ್ಲಿ ಅಂತ!"

ಚಾಚಾ ತೋರಿಸಿದ ಫೋಟೋ

ಬಳೆ ಮಾರುವ ಚಾಚಾ ಊರೂರು ತಿರುಗುತ್ತಾರೆ. ಯಾವ ಮನೆಯ ಪಡಸಾಲೆಗೂ ಸಲೀಸಾಗಿ ಹೋಗಿ ಕೂರುವ ಗಂಡಸು ಅಂದರೆ ಅವರೊಬ್ಬರೇ. ಯಾವ ಊರಿನಲ್ಲಿ ಯಾವ ಹುಡುಗಿ ಲಗ್ನಕ್ಕೆ ಬಂದಿದ್ದಾಳೆ ಎಂದು ಆಕೆಯ ಸೋದರಮಾವನಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ. ನಾನು ಸ್ಟುಡಿಯೋಕ್ಕೆ ಹೋಗಿ, ಅಲ್ಲಿನ ಕೋಟು ಹಾಕಿಕೊಂಡು ಫೋಟೋ ತೆಗೆಸಿ, ಅವರ ಫೋನಿಗೆ ಹಾಕಿಕೊಟ್ಟೆ.

ಅವರದು ಹಳೆಯ ಫೋನು. ಕಂಪನಿ ಅದರ ಕೈಬಿಟ್ಟು ಬಹಳ ದಿನವಾಗಿತ್ತು. ರೂಟ್ ಮಾಡಿ ಬೇರೆ ಯಾರೋ ಮಾಡಿದ ಸಿಸ್ಟಮ್ ಹಾಕಿದ್ದೆ. ಅದನ್ನು ಮಾಡಿದವರಿಗೆ ಬೇರೆ ಕೆಲಸವಿಲ್ಲವೋ ಏನೋ, ಮೇಲಿಂದ ಮೇಲೆ ಅಪ್ಡೇಟ್ ಕಳಿಸುತ್ತಿದ್ದರು. ಚಾಚಾ ಒತ್ತಿದರು. ಫೋನು ಸತ್ತಿತು.

"ಯಾಕ ಒತ್ತಿದ್ರಿ ಚಾಚಾ?"

"ಅರೇ ಬೇಟಾ, ಫುಕಟ್ ಬಂದಿತ್ತಲ್ಲ! ಫುಕಟ್ ಬಂದಿದ್ದು ಯಾಕ ಬಿಡೂದು?"

ಫೋನು ಬದುಕಿಸಿದೆ, ಒಳಗಿನದೆಲ್ಲ ಹೋಯಿತು. ನನ್ನ ಕೋಟಿನ ಫೋಟೋ ಕೂಡ ಹೋಯಿತು. ಚಾಚಾ ಸಂಕೋಚದ ಮನುಷ್ಯ, ಮತ್ತೊಮ್ಮೆ ಫೋಟೋ ಕೇಳಲಿಲ್ಲ. ಮೆಮರಿ ಕಾರ್ಡಿನಲ್ಲಿ ಯಾರದೋ ಲಗ್ನದ ಫೋಟೋ ಒಂದು ಉಳಿದಿತ್ತು, ಅದರ ಅಂಚಿನಲ್ಲಿ ಕೈಯಲ್ಲಿ ಐಸ್‌ಕ್ರೀಮ್ ಹಿಡಿದು ನಾನು ನಿಂತಿದ್ದೆ. ಅದನ್ನೇ ಒಂದು ಮನೆಯಲ್ಲಿ ತೋರಿಸಿ, "ಇಂವಾ ನೋಡ್ರಿ ನಮ್ಮ ಹುಡುಗ, ಕೈ ಭಾಳ ಸಾಫ್ ಅದ" ಎಂದರಂತೆ. ಹುಡುಗಿಯ ತಂದೆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದನಂತೆ. ದೊಡ್ಡದು ಮಾಡಿದ್ದು ನನ್ನನ್ನಲ್ಲ.

"ಈ ಬಾಸಿಂಗ ಕಟ್ಟಿದಂವಗ ತಮ್ಮ ಯಾರರೆ ಅದಾನೇನು?" ಎಂದು ಕೇಳಿದನಂತೆ.

ತಮ್ಮನಿದ್ದ. ಆ ತಮ್ಮನಿಗೂ ಆ ಹುಡುಗಿಗೂ ಆದ ಲಗ್ನಕ್ಕೆ ನನಗೂ ಕರೆ ಬಂದಿತ್ತು. ಮದುಮಗನ ಫೋನಿಗೆ ಹೊಸ ಗ್ಲಾಸು ಕೂಡಿಸಿದ್ದೂ ನಾನೇ.

ಸೊರಡಿಯ ಪೂಜೆ

ಇದರಲ್ಲಿ ನನ್ನ ಲಗ್ನದ ಮಾತಿಲ್ಲ. ಆದರೂ ಹೇಳದೆ ಇರಲಾರೆ.

ಸೊರಡಿ ಊರಿನ ಟ್ರ್ಯಾಕ್ಟರ್ ಮಾಲಕರೊಬ್ಬರು ಹೆಂಡತಿಯ ಫೋನಿನಿಂದ ಕರೆ ಮಾಡಿ, ಅಪ್ಡೇಟ್ ಒತ್ತಿಬಿಟ್ಟಿದ್ದೇನೆ, ಈಗೇನು ಮಾಡಲಿ ಎಂದು ಕೇಳಿದರು. ಇವರೂ ರೂಟ್ ಮಾಡಿಸಿದವರೇ. "ಇನ್ನೇನ ಮಾಡ್ತೀರಿ, ಚಾರ್ಜಿಗೆ ಹಚ್ಚಿ ಇಡ್ರಿ, ಮುಗಿಯೂತನಕ ಯಾರೂ ಮುಟ್ಟಬ್ಯಾಡ್ರಿ" ಎಂದೆ. ಯಾರೂ ಮುಟ್ಟದ ಜಾಗ ಮನೆಯಲ್ಲಿ ಯಾವುದು? ದೇವರ ಕೋಣೆ. ವಾಯರು ಎಳೆದು, ಫೋನನ್ನು ಆ ಕೋಣೆಯ ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಇಟ್ಟರು.

ಫೋನು ದಾರಿಯಲ್ಲೇ ಸಿಕ್ಕಿಬಿತ್ತು. ಕಂಪನಿಯ ಹೆಸರು ಮೂಡುವುದು, ಆರುವುದು, ಮತ್ತೆ ಮೂಡುವುದು. ಇದು ಕೆಟ್ಟ ಲಕ್ಷಣವೆಂದು ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ವಾರ ಕಳೆದರೂ ಸುದ್ದಿಯಿಲ್ಲ. ಸಂತೆಗೆ ಬಂದಾಗ ಕೇಳಿದೆ. ಬಹಳ ಸಮಾಧಾನದಿಂದ ಹೇಳಿದರು:

"ನಡದದರಿ ಇನ್ನೂ. ಭಾಳ ದೊಡ್ಡ ಅಪ್ಡೇಟ್ ಬಂದಂಗ ಕಾಣ್ತದ. ನಮ್ಮ ಮನಿಯಾಕಿ ದಿನಾ ಹೂವು ಏರಸ್ತಾಳ."

ತರಿಸಿ ನೋಡಿದರೆ ಚಾರ್ಜಿಂಗ್ ಪಿನ್ನಿನ ತುಂಬ ವಿಭೂತಿ.

ಫೋನಿನೊಳಗಿನ ಹೆಣ್ಣುಮಗಳು

ಇನ್ನು ದಲ್ಲಾಳಿ ಸಾವಕಾರರು. ದಾಳಿಂಬೆ, ದ್ರಾಕ್ಷಿ ತೋಟಗಳನ್ನು ಫೋನಿನ ಮೇಲೇ ಕುದುರಿಸುವವರು. ಈ ಧಂದೆಯಲ್ಲಿ ಕಾಗದ ಪತ್ರ ಇಲ್ಲ. ಆಡಿದ ಮಾತೇ ಕರಾರು. ದರ ಏರಿದರೆ ತೋಟದವ ಮಾತು ತಿರುವುತ್ತಾನೆ, ಇಳಿದರೆ ದಲ್ಲಾಳಿ ತಿರುವುತ್ತಾನೆ. ಅದಕ್ಕೆ ಸಾವಕಾರರು ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡುತ್ತಿದ್ದರು. ಯಾರಾದರೂ ಮಾತು ತಿರುವಿದರೆ ಅವರ ಅಂಗಳಕ್ಕೇ ಹೋಗಿ, ನಾಲ್ಕು ಜನರನ್ನು ಕೂಡಿಸಿ, ಅವರ ಮಾತನ್ನು ಅವರಿಗೇ ಕೇಳಿಸುತ್ತಿದ್ದರು.

ಹೊಸ ಫೋನು ಕೊಂಡ ಮೇಲೆ ತೊಂದರೆ ಶುರುವಾಯಿತು. ರೆಕಾರ್ಡ್ ಒತ್ತಿದ ಕೂಡಲೇ ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದು ಎರಡೂ ಕಡೆ ಸಾರುತ್ತಿದ್ದಳು. ಅದನ್ನು ಕೇಳಿದ ತೋಟದವರು ದರದ ಮಾತನ್ನು ಅರ್ಧಕ್ಕೇ ಬಿಟ್ಟು, "ಮತ್ತ ಸಾವಕಾರ್ರ, ನಿಮ್ಮ ಕಡೆ ಮಳಿ ಹ್ಯಾಂಗ ಅದರಿ?" ಎಂದು ಕೇಳತೊಡಗಿದರು. ಬಿಸಿಲು ನೆತ್ತಿ ಸುಡುವಾಗಲೂ ಎಲ್ಲರಿಗೂ ಮಳೆಯದೇ ಚಿಂತೆ.

"ಈ ಹೆಣ್ಮಗಳನ್ನ ಸುಮ್ಮ ಕುಂದ್ರಸು ತಮ್ಮಾ, ಇಲ್ಲಂದ್ರ ನನ್ನ ಧಂದೇನ ಬಂದ್ ಆಗ್ತದ" ಎಂದು ಸಾವಕಾರರು ಬಂದರು. ರೂಟ್ ಮಾಡಿ ಆಕೆಯ ಬಾಯಿ ಮುಚ್ಚಿಸಿದೆ. ಅಪ್ಡೇಟ್ ಒತ್ತಿದರೆ ಏನೇನು ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಮುಂದೆ ವರ್ಷಗಟ್ಟಲೆ ಪ್ರತಿ ಅಪ್ಡೇಟಿಗೂ ಫೋನು ಹಿಡಿದು ನನ್ನ ಹತ್ತಿರವೇ ಬಂದರು. ಇಂಥ ಗಿರಾಕಿ ಸಿಗುವುದು ಅಪರೂಪ.

ಒಮ್ಮೆ ಅವರ ಜೊತೆ ಮಗಳೂ ಬಂದಿದ್ದಳು. ನನ್ನ ಬೋರ್ಡು ಓದಿ ನಕ್ಕಳು. "ಒತ್ತಬ್ಯಾಡ್ರಿ ಅಂತ ಬರದ್ರ ಒತ್ತೇ ಒತ್ತತಾರ್ರಿ. ಒತ್ತ್ರಿ ಅಂತ ಬರಸ್ರಿ, ಒಬ್ಬರೂ ಒತ್ತಂಗಿಲ್ಲ" ಎಂದಳು. ಇಷ್ಟು ವರ್ಷದಲ್ಲಿ ನನ್ನ ಧಂದೆಯ ಬಗ್ಗೆ ಯಾರಾದರೂ ಶಾಣ್ಯಾತನದ ಮಾತಾಡಿದ್ದು ಅದೊಂದೇ. ಆಕೆ ನನಗೆ ಇಷ್ಟವಾದಳು. ಆಕೆಗೂ ನಾನು ಬೇಡವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು, ಏಕೆಂದರೆ ಸಾವಕಾರರು ತಾವಾಗಿಯೇ ನಮ್ಮ ಅಣ್ಣನಿಗೆ ಫೋನ್ ಮಾಡಿದರು. "ಹುಡುಗಿ ನಿಮ್ಮದು ಅಂತ ತಿಳೀರಿ. ನನ್ನ ಮಾತು ಅಂದ್ರ ಮಾತು" ಎಂದರು. ಅಣ್ಣ ಗಲ್ಲಿಗೆಲ್ಲ ಪೇಢೆ ಹಂಚಿದ. ನಾನು ಅಂಗಡಿಗೆ ಸುಣ್ಣ ಹೊಡೆಸಿದೆ.

ಸುಣ್ಣ ಇನ್ನೂ ಒಣಗಿರಲಿಲ್ಲ, ಸಾವಕಾರರಿಗೆ ಸರ್ಕಾರಿ ನೋಕರಿಯ ಗಂಡು ಸಿಕ್ಕಿತು.

ನಾಲ್ಕು ಜನರ ಮುಂದೆ

"ಹುಡುಗಿ ಕೊಡ್ತೀನಿ ಅಂತ ನಾ ಯಾವಾಗ ಅಂದೀನಿ? ನೋಡೂಣು ಅಂದಿದ್ನಿ" ಎಂದರು ಸಾವಕಾರರು.

ಅಣ್ಣ ಬಿಡಲಿಲ್ಲ. "ನಿಮ್ಮ ಫೋನಿನಾಗ ಅದರಿ ಆ ಮಾತು. ಎಲ್ಲಾರದೂ ರೆಕಾರ್ಡ್ ಮಾಡ್ತೀರಿ, ನಿಮ್ಮದೂ ಅದರಾಗ ಇರಬೇಕಲ್ಲ. ನಾಕ ಮಂದ್ಯಾಗ ಹಚ್ಚ್ರಿ."

"ಹಚ್ಚೂಣಂತ. ನಾ ಯಾರಿಗೂ ಅಂಜಂಗಿಲ್ಲ."

ಮರುದಿನ ಗಲ್ಲಿಯ ಹಿರಿಯರು ನನ್ನ ಅಂಗಡಿಯಲ್ಲಿ ಕೂಡಿದರು. ಸಾವಕಾರರು ಬಂದು ಫೋನನ್ನು ಕೌಂಟರಿನ ಮೇಲೆ ಇಟ್ಟರು. ಕಂಪನಿಯ ಹೆಸರು ಮೂಡುತ್ತಿತ್ತು, ಆರುತ್ತಿತ್ತು.

"ಏನಾತ್ರಿ ಇದಕ್ಕ?"

"ಅಪ್ಡೇಟ್ ಬಂದಿತ್ತು ತಮ್ಮಾ. ಒತ್ತಿದ್ನಿ."

ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ಒಮ್ಮೆಯೂ ಒತ್ತದ ಮನುಷ್ಯ. ಇಡೀ ತಾಲೂಕಿನಲ್ಲಿ ನನ್ನ ಬೋರ್ಡನ್ನು ಸರಿಯಾಗಿ ಓದಿ, ಸರಿಯಾಗಿ ತಿಳಿದುಕೊಂಡು, ಬೇಕಾದ ದಿನ ಬಳಸಿಕೊಂಡ ಗಿರಾಕಿ ಇವರೊಬ್ಬರೇ.

ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಒಂದೂ ಫಲಿಸಲಿಲ್ಲ. ಹಿರಿಯರಿಗೆ ಹೇಳಿದೆ: "ಇದು ಚಾಲೂ ಆಗಬೇಕಂದ್ರ ಒಳಗಿಂದೆಲ್ಲಾ ಅಳಸಬೇಕ್ರಿ. ಆ ರೆಕಾರ್ಡಿಂಗೂ ಹೋಗ್ತದ."

ಎಲ್ಲರಿಗಿಂತ ಹಿರಿಯರಾದವರು ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು: "ಹೋದ್ರ ಹೋಗ್ಲಿ. ನೀ ಮೊದಲ ಚಾಲೂ ಮಾಡು, ಆಮ್ಯಾಲ ಕೇಳೂಣು."

ಎಲ್ಲರೂ ತಲೆದೂಗಿದರು. ನನ್ನ ಲಗ್ನದ ಮಾತನ್ನು ನನ್ನ ಬೆರಳಿನಿಂದಲೇ ಅಳಿಸಿದೆ. ಫೋನು ಹೊಸದಾಗಿ ಎದ್ದು ನನಗೆ ನಮಸ್ಕಾರ ಹೇಳಿತು.

ಸಾವಕಾರರ ಮುಖ ಅರಳಿತು. ಅಲ್ಲೇ ನಿಂತು ಆ ಹೊಸ ಬೀಗರಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ ಮಾತಾಡುವುದು ಅವರ ರೂಢಿ. ರೂಢಿಯಂತೆ ಬೆರಳು ರೆಕಾರ್ಡ್ ಬಟನ್ನಿನ ಮೇಲೂ ಹೋಯಿತು.

"ಬೀಗರ, ಇಲ್ಲಿದ್ದೆಲ್ಲಾ ಮುಗೀತ್ರಿ. ಕೊಡೂ ತಗೊಳ್ಳೂ ಮಾತು ನಾವು ಇವತ್ತ..."

"ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದಳು ಫೋನಿನೊಳಗಿನ ಹೆಣ್ಣುಮಗಳು. ರೂಟ್ ಹೋಗಿತ್ತಲ್ಲ, ಆಕೆಯ ಬಾಯಿ ಮತ್ತೆ ತೆರೆದಿತ್ತು.

ಆ ಕಡೆಯಿಂದ ಬೀಗರು ಸಿಡಿದರು: "ಕೊಡೂ ತಗೊಳ್ಳೂ ಮಾತು ರೆಕಾರ್ಡ್ ಮಾಡ್ತೀರೇನು? ನಮ್ಮ ಹುಡುಗನ ನೋಕರಿ ಕಳೀಬೇಕಂತೀರೇನು? ನಿಮ್ಮ ಸಂಬಂಧಾನೂ ಬ್ಯಾಡ, ನೀವೂ ಬ್ಯಾಡ್ರಿ!" ಫೋನು ಕಟ್ಟಾಯಿತು. ಸಾವಕಾರರು ಮತ್ತೆ ಹಚ್ಚಿದರು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದರೆ ಸ್ವಿಚ್ ಆಫ್.

ಸಾವಕಾರರು ಸ್ವಲ್ಪ ಹೊತ್ತು ಬೋರ್ಡು ನೋಡುತ್ತ ನಿಂತು, ನಿಧಾನಕ್ಕೆ ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು: "ತಮ್ಮಾ, ನೀ ಏನ ಹೊರಗಿನಂವ? ಹುಡುಗಿ ನಿನಗ ಅಂತ ತಿಳಿ. ಮೊದಲ ಈ ಹೆಣ್ಮಗಳನ್ನ ಸುಮ್ಮ ಕುಂದ್ರಸು."

ಸಿಟ್ಟು ನೆತ್ತಿಗೇರಿತ್ತು. ಆದರೆ ಆಸೆಯೂ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ನನ್ನ ಫೋನ್ ತೆಗೆದು ಅವರ ನಂಬರಿಗೆ ಹಚ್ಚಿದೆ. ಎದುರಿಗೇ ನಿಂತಿದ್ದರೂ ಅವರು ರೂಢಿಯಂತೆ ಎತ್ತಿದರು, ಸ್ಪೀಕರ್ ಹಾಕಿದರು. ನಾನು ಕೌಂಟರಿನ ಮೇಲಿಂದ ಬಾಗಿ ಅವರ ಫೋನಿನ ರೆಕಾರ್ಡ್ ಬಟನ್ ಒತ್ತಿದೆ. ಹೆಣ್ಣುಮಗಳು ತನ್ನ ಮಾತು ಹೇಳಿ ಮುಗಿಸಿದಳು.

"ಈಗ ಇನ್ನೊಮ್ಮೆ ಅನ್ರಿ ಸಾವಕಾರ್ರ" ಎಂದೆ. "ಆಕಿ ಕೇಳಾಕತ್ಯಾಳ."

ಅಣ್ಣ ಸ್ಟೂಲಿನಿಂದ ಎದ್ದು ನಿಂತ. ಹಿರಿಯರೆಲ್ಲ ಮುಂದೆ ಬಾಗಿದರು. ಸಾವಕಾರರು ಬಾಯಿ ತೆರೆದರು, ಫೋನು ನೋಡಿದರು, ಬಾಯಿ ಮುಚ್ಚಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದ ನನ್ನನ್ನು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದರು:

"ಮತ್ತ ತಮ್ಮಾ, ನಿಮ್ಮ ಕಡೆ ಮಳಿ ಹ್ಯಾಂಗ ಅದ?"